'ಪಶ್ಚಾತ್ತಾಪ ಅಲ್ಲ, ಪಶ್ಚಾತ್ತಾಪ!' – ಭಾಷಾಂತರ ಮಾಡುವವಳ ಒಂದು ಪ್ರಶ್ನೆ

ಎರಡನೇ ಮೈಕ್:

ಎಲ್ಲರಿಗೂ ವಂದನೆಗಳು. ಪ್ರಶ್ನೆಗಿಂತ ಮೊದಲು ನಡೆದದ್ದನ್ನು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಇವಳಿಗೆ ಯಾಕಪ್ಪಾ ಈ ತಲೆಬಿಸಿ ಅಂತ ನಿಮಗೆ ಅನಿಸಬಹುದು.

ನಾನು ನಮ್ಮ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಇಂಗ್ಲಿಷ್ ಪ್ರಸಂಗಗಳನ್ನು (ಬೋಧನೆಗಳನ್ನು) ಕನ್ನಡಕ್ಕೆ ಭಾಷಾಂತರ ಮಾಡುತ್ತೇನೆ. ಕಲಿತು ಬಂದವಳಲ್ಲ. ಹನ್ನೊಂದು ವರ್ಷದ ಹಿಂದೆ ಒಂದು ಭಾನುವಾರ, ಮಾಡಬೇಕಾಗಿದ್ದ ಅಣ್ಣನಿಗೆ ಗಂಟಲು ಕಟ್ಟಿತ್ತು. 'ನಿಂಗೆ ಇಂಗ್ಲಿಷ್ ಬರುತ್ತಲ್ಲ' ಅಂತ ನನ್ನನ್ನು ಮುಂದೆ ತಳ್ಳಿದರು. ಅವತ್ತಿನಿಂದ ಯಾರೇ ಅತಿಥಿ ಬೋಧಕರು ಬರಲಿ, ಅವರ ಎಡಗಡೆ ಎರಡನೇ ಮೈಕ್ ಹಿಡಿದು ನಿಲ್ಲುವವಳು ನಾನೇ. ಅವರದೊಂದು ವಾಕ್ಯ, ನನ್ನದೊಂದು ವಾಕ್ಯ. ಯೋಚನೆ ಮಾಡಲು ಸಿಗುವ ಸಮಯ ಅವರು ಉಸಿರು ಎಳೆದುಕೊಳ್ಳುವಷ್ಟು.

ಹೋದ ತಿಂಗಳು ಮೂರು ದಿನ ಉಜ್ಜೀವನ ಕೂಟ ಇತ್ತು. ಮೊದಲ ಸಂಜೆ ಬೋಧಕರು 'ರಿಪೆಂಟೆನ್ಸ್' ಅಂದಾಗೆಲ್ಲ ನಾನು 'ಪಶ್ಚಾತ್ತಾಪ' ಅನ್ನುತ್ತಿದ್ದೆ. ಎಲ್ಲ ಸರಿಯಾಗಿಯೇ ನಡೆದಿತ್ತು. ಇದ್ದಕ್ಕಿದ್ದ ಹಾಗೆ ಅವರು ದನಿ ಏರಿಸಿ, ದೇವರು ಕೇಳುವುದು 'ರಿಮೋರ್ಸ್' ಅಲ್ಲ, 'ರಿಪೆಂಟೆನ್ಸ್' ಅಂದರು. ನನ್ನ ಬಾಯಿಂದ ಬಂದದ್ದು ಇದು: 'ದೇವರು ಕೇಳುವುದು ಪಶ್ಚಾತ್ತಾಪ ಅಲ್ಲ, ಪಶ್ಚಾತ್ತಾಪ!' ಅದೂ ಅವರಷ್ಟೇ ಜೋರಾಗಿ, ಕೈ ಎತ್ತಿ.

ಮುಂದಿನ ಸಾಲಿನ ಹುಡುಗರು ಕಿಸಕ್ಕೆಂದರು. ಹಿಂದೆ ಕೂತಿದ್ದ ಅಜ್ಜಿಯೊಬ್ಬರು ಗಟ್ಟಿಯಾಗಿ 'ಆಮೆನ್' ಅಂದರು. ಬೋಧಕರಿಗೆ ಕನ್ನಡ ಬರಲ್ಲ, ಆ ಆಮೆನ್ ಕೇಳಿ ಖುಷಿಯಾಗಿ ಅದನ್ನೇ ಇನ್ನೊಮ್ಮೆ ಹೇಳಿದರು!

ಎರಡನೇ ದಿನ ಇನ್ನೂ ಕಷ್ಟ. 'ರಿವೈವಲ್', 'ರಿನ್ಯೂವಲ್', 'ಅವೇಕನಿಂಗ್', 'ರೆಸ್ಟೋರೇಶನ್' ನಾಲ್ಕನ್ನೂ ಒಂದೇ ಉಸಿರಿನಲ್ಲಿ ಹೇಳಿದರು. ನಾನು ಉಜ್ಜೀವನ ಅಂದೆ, ನವೀಕರಣ ಅಂದೆ. ನವೀಕರಣ ಅಂದ ಕೂಡಲೇ ನನಗೇ ಡ್ರೈವಿಂಗ್ ಲೈಸೆನ್ಸ್ ನೆನಪಾಯಿತು. ಉಳಿದ ಎರಡಕ್ಕೂ ಸೇರಿಸಿ 'ಮತ್ತು ಅದೇ ರೀತಿಯ ಆಶೀರ್ವಾದ' ಅಂತ ಹೇಳಿ ಪಾರಾದೆ. ಮೂರನೇ ದಿನ 'ಬಾರ್ನ್ ಅಗೇನ್' ಬಂತು. ಅವಸರದಲ್ಲಿ 'ಪುನರ್ಜನ್ಮ' ಅಂದುಬಿಟ್ಟೆ. ಕೂಟ ಮುಗಿದ ಮೇಲೆ ಮೊದಲ ಸಲ ಬಂದಿದ್ದ ಒಬ್ಬರು 'ನೀವೂ ಪುನರ್ಜನ್ಮ ನಂಬ್ತೀರಾ?' ಅಂತ ಕೇಳಿದರು. ಪಾಪ, ಅವರದೇನು ತಪ್ಪು?

ಇದೆಲ್ಲ ನಗುವ ವಿಷಯ ಅಂತ ಬಿಟ್ಟುಬಿಡುತ್ತಿದ್ದೆನೋ ಏನೋ. ಆದರೆ ಸಂಡೇ ಸ್ಕೂಲಿನ ಹುಡುಗಿಯೊಬ್ಬಳು, ಎಂಟನೇ ಕ್ಲಾಸು, ನನ್ನ ಹತ್ತಿರ ಬಂದು 'ಅಕ್ಕಾ, ಉಜ್ಜೀವನ ಅಂದ್ರೆ ಏನು?' ಅಂದಳು. 'ಆತ್ಮಿಕವಾಗಿ ಬಲಗೊಳ್ಳೋದು' ಅಂದೆ. 'ಅಂದ್ರೆ?' ಅಂದಳು. ನನಗೆ ಮುಂದೆ ಹೇಳಲು ಏನೂ ಇರಲಿಲ್ಲ. ಹನ್ನೊಂದು ವರ್ಷದಲ್ಲಿ ಈ ಪದವನ್ನು ಎಷ್ಟು ಸಲ ಮೈಕಿನಲ್ಲಿ ಹೇಳಿದ್ದೇನೋ ಲೆಕ್ಕವಿಲ್ಲ.

ಹಾಗಾಗಿ ಕೇಳುತ್ತಿದ್ದೇನೆ. ಈ ಪದಗಳಿಗೆ ಮೂಲದಲ್ಲಿ ಏನು ಅರ್ಥ? ಒಂದಕ್ಕೊಂದು ಏನು ವ್ಯತ್ಯಾಸ? ನಿಘಂಟಿನ ಫೋಟೋ ಕಳಿಸಬೇಡಿ ದಯವಿಟ್ಟು. ಆ ಹುಡುಗಿಗೆ ಹೇಳಬಹುದಾದ ಉತ್ತರ ಬೇಕು.

ಹಿಂದಿನ ಬೆಂಚು:

ಆ ಅಜ್ಜಿಯ ಪರವಾಗಿ ನಾನೂ ಒಂದು ಆಮೆನ್ ಹಾಕುತ್ತೇನೆ.

ಆದರೆ ಅರ್ಥ, ಮೂಲ, ವ್ಯತ್ಯಾಸ ಅಂತ ಜಾಸ್ತಿ ಹೋಗಬೇಡಿ ಸಿಸ್ಟರ್. ಸ್ನಾನಿಕ ಯೋಹಾನ ಮಾನಸಾಂತರದ (ನಿಮ್ಮ 'ರಿಪೆಂಟೆನ್ಸ್') ಬಗ್ಗೆ ಸಾರಿದಾಗ ಜನ ಪದದ ಅರ್ಥ ಕೇಳಲಿಲ್ಲ. 'ಹಾಗಾದರೆ ನಾವೇನು ಮಾಡಬೇಕು' ಅಂತ ಕೇಳಿದರು. ಲೂಕ 3ನೇ ಅಧ್ಯಾಯ ನೋಡಿ. ಎರಡು ಅಂಗಿ ಇದ್ದವನು ಇಲ್ಲದವನಿಗೆ ಒಂದು ಕೊಡಲಿ. ಸುಂಕದವರೇ, ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವಸೂಲಿ ಮಾಡಬೇಡಿ. ಸಿಪಾಯಿಗಳೇ, ಹೆದರಿಸಿ ದುಡ್ಡು ಕೀಳಬೇಡಿ, ಸಂಬಳ ಸಾಕು ಅನ್ನಿ. ಇಷ್ಟೇ. ಗ್ರೀಕ್ ಗೊತ್ತಿಲ್ಲದ ಸಿಪಾಯಿಗೂ ಅರ್ಥವಾಯಿತು.

ನಿವೃತ್ತ ಪಾಲಕ:

ಹಿಂದಿನ ಬೆಂಚಿನವರೇ, ಆ ಸಿಪಾಯಿಗೆ ಗ್ರೀಕ್ ಗೊತ್ತಿದ್ದಿರಲೂಬಹುದು. ಆ ಕಾಲದಲ್ಲಿ ಅದು ಬೀದಿಯ ಭಾಷೆ. ಇರಲಿ, ನೀವು ಹೇಳಿದ್ದನ್ನು ನಾನು ತಳ್ಳಿಹಾಕುವುದಿಲ್ಲ. ಆದರೂ ಮೈಕ್ ಹಿಡಿದವಳಿಗೆ ಪದ ಬೇಕಲ್ಲ.

ತಂಗೀ, ಮೊದಲು ನಿನ್ನ ಎಡವಟ್ಟಿನಿಂದಲೇ ಶುರು ಮಾಡೋಣ. ಅದು ನೀನು ಅಂದುಕೊಂಡಷ್ಟು ದೊಡ್ಡ ತಪ್ಪಲ್ಲ. ನಮ್ಮ ಪದವೇ ಹಾಗಿದೆ. ಪಶ್ಚಾತ್ ಅಂದರೆ ಆಮೇಲೆ, ತಾಪ ಅಂದರೆ ಬೇಗೆ. ಮಾಡಿದ ಮೇಲೆ ಹೊಟ್ಟೆಯೊಳಗೆ ಹತ್ತುವ ಉರಿ. ಮುಖ ಪೂರ್ತಿ ಹಿಂದಕ್ಕೆ ಇದೆ. ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸಭೆ ನೋಡಿಕೊಂಡವನು. ಈ ಉರಿಯಲ್ಲೇ ಜೀವನ ಕಳೆದವರನ್ನು ಕಂಡಿದ್ದೇನೆ. ಪ್ರತಿ ಕೂಟಕ್ಕೂ ಬಂದು ಅಳುತ್ತಾರೆ. ಇಪ್ಪತ್ತು ವರ್ಷದ ಹಳೆಯ ಅದೇ ವಿಷಯಕ್ಕೆ. ಅವರನ್ನು ನಾನೂ ಬಹಳ ದಿನ 'ಒಳ್ಳೇ ವಿಶ್ವಾಸಿಗಳು' ಅಂದುಕೊಂಡಿದ್ದೆ.

ಹೀಬ್ರೂ ಪ್ರವಾದಿಗಳು ಬಳಸುವ ಮುಖ್ಯ ಪದ ಬೇರೆ. 'ಶೂವ್'. ಅದರಲ್ಲಿ ಉರಿಯೂ ಇಲ್ಲ, ಕಣ್ಣೀರೂ ಇಲ್ಲ. ಅದು ಕಾಲಿಗೆ ಸಂಬಂಧಿಸಿದ ಪದ. ತಿರುಗು, ಮರಳು, ವಾಪಸ್ಸು ಬಾ. ರೂತಳ ಪುಸ್ತಕದ ಮೊದಲ ಅಧ್ಯಾಯದಲ್ಲಿ ಇದು ಮತ್ತೆ ಮತ್ತೆ ಬರುತ್ತದೆ. ಅಲ್ಲಿ ಪಾಪದ ಮಾತೇ ಇಲ್ಲ. ನೊವೊಮಿ ಮೋವಾಬಿನಿಂದ ತನ್ನ ಊರಿಗೆ ಮರಳುತ್ತಾಳೆ, ಸೊಸೆಯರಿಗೆ ನೀವು ನಿಮ್ಮ ತೌರಿಗೆ ಮರಳಿ ಅನ್ನುತ್ತಾಳೆ, ಅಷ್ಟೇ. ಹೋಶೇಯ, ಯೆರೆಮೀಯ ಇಂಥವರು ಈ ಮನೆಗೆ ಹೋಗುವ ಪದವನ್ನೇ ಎತ್ತಿಕೊಂಡು 'ದೇವರ ಕಡೆಗೆ ತಿರುಗಿಕೊಳ್ಳಿರಿ' ಅಂದರು.

ಬೈಬಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಯಲ್ಲಿ ಗ್ರೀಕಿನ 'ಮೆಟನೋಯಿಯಾ' ಇದೆ. ಅದರಲ್ಲಿ ಮನಸ್ಸು ಅನ್ನುವ ಪದ ಅಡಗಿದೆ. ಅದಕ್ಕೇ ಕನ್ನಡದಲ್ಲಿ ಕೆಲವರು 'ಮಾನಸಾಂತರ' ಅಂದರು, ಅದು ಮೂಲಕ್ಕೆ ಹತ್ತಿರ. ನಮ್ಮ ಹಳೆಯ ಬೈಬಲಿನಲ್ಲಿ ಮತ್ತಾಯ 3ರಲ್ಲಿ ಯೋಹಾನ ಸಾರುವುದು 'ದೇವರ ಕಡೆಗೆ ತಿರುಗಿಕೊಳ್ಳಿರಿ' ಅಂತ. ಗ್ರೀಕ್ ಪದದ ಜಾಗದಲ್ಲಿ ಹೀಬ್ರೂವಿನ ಅರ್ಥ ಇಟ್ಟಿದ್ದಾರೆ. ಮಾಡಿದವರು ಜಾಣರು.

ಈ ಒಂದು ಪದ ಯುರೋಪನ್ನೇ ಅಲುಗಾಡಿಸಿತು ಗೊತ್ತಾ? ಲ್ಯಾಟಿನ್ ಬೈಬಲಿನಲ್ಲಿ ಇದೇ ಜಾಗದಲ್ಲಿ ಇದ್ದ ಮಾತನ್ನು ಜನ 'ಪ್ರಾಯಶ್ಚಿತ್ತ ಮಾಡಿರಿ' ಅಂತ ಓದಿಕೊಂಡಿದ್ದರು. ಅಂದರೆ ಗುರುಗಳು ವಿಧಿಸಿದ ಇಷ್ಟು ಪ್ರಾರ್ಥನೆ, ಇಷ್ಟು ಉಪವಾಸ ಮುಗಿಸಿ. 1516ರಲ್ಲಿ ಎರಾಸ್ಮಸ್ ಅನ್ನುವ ವಿದ್ವಾಂಸ ಗ್ರೀಕ್ ಹೊಸ ಒಡಂಬಡಿಕೆಯನ್ನು ಅಚ್ಚು ಹಾಕಿಸಿದ. ಮರುವರ್ಷ, ಪ್ರಾಟೆಸ್ಟಂಟ್ ಚಳವಳಿಗೆ ಕಾರಣನಾದ ಜರ್ಮನಿಯ ಲೂಥರನ 95 ವಾದಗಳು ಬಂದವು. ಮೊದಲನೆಯದೇ ಈ ಪದದ ಬಗ್ಗೆ: ಯೇಸು ಇದನ್ನು ಹೇಳಿದಾಗ ವಿಶ್ವಾಸಿಯ ಇಡೀ ಬದುಕೇ ಹೀಗೆ ಇರಬೇಕೆಂದು ಬಯಸಿದ, ಅನ್ನುವುದು ಅದರ ಸಾರ. 1518ರಲ್ಲಿ ತನ್ನ ಗುರು ಸ್ಟೌಪಿಟ್ಸ್‌ಗೆ ಬರೆದ ಪತ್ರದಲ್ಲಿ, ಒಂದು ಕಾಲದಲ್ಲಿ ತನಗೆ ಇದಕ್ಕಿಂತ ಕಹಿಯಾದ ಪದವೇ ಇರಲಿಲ್ಲ, ಈಗ ಇದಕ್ಕಿಂತ ಸಿಹಿಯಾದದ್ದಿಲ್ಲ ಅಂತ ಹೇಳಿಕೊಂಡ.

ಈಗ ಆ ಹುಡುಗಿಯ ಪದಕ್ಕೆ ಬರೋಣ, ಉಜ್ಜೀವನಕ್ಕೆ. 23ನೇ ಕೀರ್ತನೆ ನಿನಗೆ ಬಾಯಿಪಾಠ ಇರುತ್ತದೆ. 'ನನ್ನ ಪ್ರಾಣವನ್ನು ಉಜ್ಜೀವಿಸಮಾಡಿ' ಅಂತ ಬರುತ್ತದಲ್ಲ, ಅಲ್ಲಿ ಹೀಬ್ರೂವಿನಲ್ಲಿ ಯಾವ ಪದ ಇದೆ ಊಹಿಸು. ಅದೇ 'ಶೂವ್'ನ ಇನ್ನೊಂದು ರೂಪ! ಕುರುಬ ನನ್ನ ಪ್ರಾಣವನ್ನು ಮರಳಿಸುತ್ತಾನೆ. ದಾರಿ ತಪ್ಪಿದ ಕುರಿಯನ್ನು ವಾಪಸ್ಸು ತರುವ ಹಾಗೆ. ನೀನು ಮೊದಲ ದಿನ ಹೇಳಿದ ಪದ, ಎರಡನೇ ದಿನ ಹೇಳಿದ ಪದ, ಎರಡಕ್ಕೂ ಬೇರು ಒಂದೇ.

ಇನ್ನೂ ಒಂದಿದೆ, ಇದನ್ನು ಕಂಡುಕೊಂಡ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. 85ನೇ ಕೀರ್ತನೆಯ 6ನೇ ವಚನ. ಉಜ್ಜೀವನ ಕೂಟಗಳಲ್ಲಿ ಎಲ್ಲರೂ ಓದುವ ವಚನ. ಅಲ್ಲಿ ಎರಡು ಕ್ರಿಯಾಪದ ಅಕ್ಕಪಕ್ಕ ಕೂತಿವೆ: 'ತಾಶೂವ್ ತೆಹಯ್ಯೇನು'. ಎರಡನೆಯದು ನಮ್ಮನ್ನು ಬದುಕಿಸು ಅಂತ. ಮೊದಲನೆಯದು 'ನೀನು ತಿರುಗು'. ತಿರುಗಬೇಕಾದವನು ಇಲ್ಲಿ ದೇವರು! ಆದರೆ ಹೀಬ್ರೂವಿನಲ್ಲಿ ಇನ್ನೊಂದು ಕ್ರಿಯಾಪದದ ಜೊತೆ 'ಶೂವ್' ಬಂದರೆ ಅದಕ್ಕೆ 'ಮತ್ತೆ' ಅನ್ನುವ ಅರ್ಥವೂ ಇದೆ. ಅದಕ್ಕೆ ಕೆಲವು ಅನುವಾದಗಳಲ್ಲಿ 'ಮತ್ತೆ ಬದುಕಿಸು' ಅಂತ ಇರುತ್ತದೆ.

ಈಗ ಕನ್ನಡ ನೋಡು. 'ತಿರುಗಿ ನಿಂತ' ಅಂದರೆ ಮುಖ ಈ ಕಡೆ ಮಾಡಿದ. 'ತಿರುಗಿ ಹೇಳು' ಅಂದರೆ ಮತ್ತೆ ಹೇಳು. 'ಮರಳಿ' ಅನ್ನುವುದಕ್ಕೂ ಹಾಗೆಯೇ ಎರಡು ಮುಖ. ಹೀಬ್ರೂವಿನಲ್ಲಿ ಇರುವ ಜೋಡಿ ಅರ್ಥ ನಮ್ಮ ಅಡುಗೆಮನೆ ಮಾತಿನಲ್ಲೇ ಇದೆ. 'ತಿರುಗಿ ನಮ್ಮನ್ನು ಬದುಕಿಸು' ಅಂದರೆ ಎರಡೂ ಬಂತು. ಇಷ್ಟು ಸಲೀಸಾಗಿ ಹೇಳಲು ಎಷ್ಟೋ ಭಾಷೆಗಳಿಗೆ ಆಗುವುದಿಲ್ಲ.

ಎರಡನೇ ಮೈಕ್:

ಅಯ್ಯನವರೇ, ಓದುತ್ತಾ ಓದುತ್ತಾ ಎದ್ದು ನಿಂತುಬಿಟ್ಟೆ. ಹನ್ನೊಂದು ವರ್ಷ ಸಂಸ್ಕೃತದ ಪದ ಹುಡುಕಿಕೊಂಡು ಓಡಾಡಿದ್ದೇನೆ, 'ತಿರುಗಿ' ನಾಲಿಗೆ ಮೇಲೇ ಇತ್ತು!

ಒಂದು ಅನುಮಾನ. ಬೋಧಕರು ಹೇಳಿದ ಆ 'ರಿಮೋರ್ಸ್'ಗೆ ಗ್ರೀಕಿನಲ್ಲಿ ಬೇರೆ ಪದ ಇದೆಯಾ, ಅಥವಾ ಸುಮ್ನೆ ಪ್ರಸಂಗಕ್ಕೆ ಹೇಳಿದ್ದಾ?

ಅರ್ಧ ಗ್ರೀಕ್:

ಇದೆ ಅಕ್ಕಾ. ನಾನು ಬೈಬಲ್ ಕಾಲೇಜಿನಲ್ಲಿ ಎರಡು ವರ್ಷ ಗ್ರೀಕ್ ಓದಿದವನು, ಹೆಸರಿಗೆ ತಕ್ಕ ಹಾಗೆ ಅರ್ಧವೇ ನೆನಪಿದೆ.

ಮತ್ತಾಯ 27:3ರಲ್ಲಿ, ಯೇಸುವನ್ನು ಹಿಡಿದುಕೊಟ್ಟ ಯೂದನ ಬಗ್ಗೆ ಹೇಳುವಾಗ 'ಮೆಟನೋಯಿಯಾ' ಬಳಸಿಲ್ಲ. 'ಮೆಟಮೆಲೋಮಾಯ್' ಅನ್ನುವ ಬೇರೆ ಕ್ರಿಯಾಪದ ಇದೆ. ಮನಸ್ಸು ಚುಚ್ಚುವುದು, ಛೇ ಅನಿಸುವುದು. ಯೂದ ತಪ್ಪು ಒಪ್ಪಿಕೊಂಡ, 30 ಬೆಳ್ಳಿ ನಾಣ್ಯಗಳನ್ನು ತಿರುಗಿಸಿ ಕೊಟ್ಟ. ತಾನು ಮಾತ್ರ ತಿರುಗಿ ಬರಲಿಲ್ಲ. ಯೇಸುವನ್ನು ಹಿಡಿದ ರಾತ್ರಿ ಶಿಷ್ಯ ಪೇತ್ರ ಕೂಡ ಅವನು ಯಾರೋ ಗೊತ್ತಿಲ್ಲ ಅಂತ ಮೂರು ಸಲ ಅಂದು ಬಿಕ್ಕಿ ಬಿಕ್ಕಿ ಅತ್ತ. ಆದರೆ ಪೇತ್ರನಿಗೆ ಯೇಸು ಮೊದಲೇ ಹೇಳಿದ್ದ, ನೀನು ತಿರುಗಿಕೊಂಡ ಮೇಲೆ ನಿನ್ನ ಸಹೋದರರನ್ನು ದೃಢಪಡಿಸು ಅಂತ. ಲೂಕ 22:32. ಅಳು ಇಬ್ಬರಿಗೂ ಬಂದಿರಬಹುದು, ದಾರಿ ಬೇರೆಯಾಯಿತು.

ಆದರೆ ಇದನ್ನು ನಿಯಮ ಮಾಡಿಕೊಳ್ಳಬೇಡಿ. ಪ್ರಸಂಗದಲ್ಲಿ ಹಾಗೆ ಮಾಡುತ್ತಾರೆ, ನನಗೆ ಸಿಟ್ಟು ಬರುತ್ತದೆ. ಮತ್ತಾಯ 21ರಲ್ಲಿ ಇಬ್ಬರು ಮಕ್ಕಳ ಸಾಮ್ಯ ಇದೆ. ಮೊದಲನೆಯವನು ತೋಟಕ್ಕೆ ಹೋಗಲ್ಲ ಅಂದು ಆಮೇಲೆ ಮನಸ್ಸು ಬದಲಿಸಿ ಹೋದ. ಅಲ್ಲಿ ಇರುವುದು ಯೂದನಿಗೆ ಬಳಸಿದ ಅದೇ ಪದ! ಒಳ್ಳೇ ಅರ್ಥದಲ್ಲಿ. ಹಾಗಾಗಿ ಒಂದು ಪದ ಕೆಟ್ಟದ್ದು, ಇನ್ನೊಂದು ಒಳ್ಳೆಯದು ಅಂತ ಗೆರೆ ಎಳೆಯೋಕಾಗಲ್ಲ. ಪದವನ್ನು ಬಿಡಿಸಿ ಬಿಡಿಸಿ ಅರ್ಥ ಹಿಂಡುವ ಈ ಚಟದ ಬಗ್ಗೆ ಜೇಮ್ಸ್ ಬಾರ್ ಅನ್ನುವ ವಿದ್ವಾಂಸರು 1961ರಲ್ಲೇ ಚೆನ್ನಾಗಿ ಬೈದಿದ್ದಾರೆ. ವಾಕ್ಯ ನೋಡಿ, ಪದ ಮಾತ್ರ ನೋಡಬೇಡಿ.

ವಾಕ್ಯ ಬೇಕಾದರೆ 2 ಕೊರಿಂಥ 7:10 ತೆಗೆಯಿರಿ. ಅಲ್ಲಿ ಪೌಲ ಎರಡೂ ಪದಗಳನ್ನು ಒಟ್ಟಿಗೆ ಇಟ್ಟಿದ್ದಾನೆ. ದೇವರ ಚಿತ್ತದಂತೆ ಬರುವ ದುಃಖ ಮನಸ್ಸನ್ನು ತಿರುಗಿಸುತ್ತದೆ, ಆ ತಿರುಗುವಿಕೆಯ ಬಗ್ಗೆ ಆಮೇಲೆ ಯಾರೂ ಛೇ ಅನ್ನುವುದಿಲ್ಲ ಅಂತ. ನಿಮ್ಮ ಬೋಧಕರ ಮಾತು ಬಹುಶಃ ಇಲ್ಲಿಂದಲೇ ಬಂದದ್ದು. 'ಬರೀ ನೊಂದುಕೊಳ್ಳುವುದಲ್ಲ, ತಿರುಗಿ ಬರುವುದು' ಅಂದಿದ್ದರೆ ಅವತ್ತು ಸಾಕಾಗುತ್ತಿತ್ತು. ಈಗ ಹೇಳೋದು ಸುಲಭ, ಗೊತ್ತು.

'ರಿನ್ಯೂವಲ್' ಬಗ್ಗೆ ಒಂದು ಮಾತು. ರೋಮಾಪುರ 12:2ರಲ್ಲಿ ಮನಸ್ಸು ಹೊಸದಾಗಿ ನೀವು ಮಾರ್ಪಡಿರಿ ಅನ್ನುವ ಕಡೆ ವ್ಯಾಕರಣ ವಿಚಿತ್ರವಾಗಿದೆ. ಅದು ಆಜ್ಞೆ, ಆದರೆ ಕರ್ಮಣಿ ಪ್ರಯೋಗ. ಬದಲಾಯಿಸಿಕೊಳ್ಳಿ ಅಂತಲ್ಲ, ಬದಲಾಗುತ್ತಾ ಇರಿ, ಬದಲಾಯಿಸಲು ಬಿಟ್ಟುಕೊಡಿ. ಇಂಗ್ಲಿಷಿನಲ್ಲಿ ಇದನ್ನು ವಿವರಿಸಲು ನಮ್ಮ ಮೇಷ್ಟ್ರು ಅರ್ಧ ಗಂಟೆ ತೆಗೆದುಕೊಂಡರು. ಕನ್ನಡದಲ್ಲಿ 'ಮಾಡು' ಮತ್ತು 'ಆಗು' ಇದೆ. ನವೀಕರಣ ನಾವು ಮಾಡಿಸಿಕೊಂಡು ಬರುವುದು, ನಿಮ್ಮ ಲೈಸೆನ್ಸ್ ಹಾಗೆ. ಹೊಸದಾಗುವುದು ಬೇರೆ. 2 ಕೊರಿಂಥ 4:16ರಲ್ಲಿ ಹೊರಗಿನ ಮನುಷ್ಯ ಸವೆಯುತ್ತಾ ಹೋದರೂ ಒಳಗಿನವನು ದಿನೇ ದಿನೇ ಹೊಸಬನಾಗುತ್ತಾನೆ ಅನ್ನುವಾಗಲೂ ಇದೇ 'ಆಗು'.

ಹಿಂದಿನ ಬೆಂಚು:

ಇದು ನನಗೆ ಇಷ್ಟ ಆಯ್ತು. ಮಾಡು, ಆಗು. ಆದರೆ ನಮ್ಮ ಬ್ಯಾನರ್ ಮೇಲೆ ಏನಿರುತ್ತದೆ ನೋಡಿ: 'ಮಹಾ ಉಜ್ಜೀವನ, ಮೂರು ದಿನ, ಸಂಜೆ 6ಕ್ಕೆ ಸರಿಯಾಗಿ.' ಆಗುವುದಕ್ಕೆ ಟೈಮ್ ಹಾಕೋದು ಹೇಗೆ ಅಂತ ನಾನು ಕೇಳಿದರೆ ಎಲ್ಲರೂ ನನ್ನನ್ನು ಅಪನಂಬಿಕೆಯವನು ಅಂತಾರೆ.

ನಿವೃತ್ತ ಪಾಲಕ:

ಅಪನಂಬಿಕೆ ಏನಿಲ್ಲ, ಅದು ದೊಡ್ಡ ದೊಡ್ಡವರು ಜಗಳವಾಡಿದ ಪ್ರಶ್ನೆ. ಅಮೆರಿಕದ ನಾರ್ಥಾಂಪ್ಟನ್ ಊರಿನಲ್ಲಿ 1734-35ರಲ್ಲಿ ಜನ ಒಮ್ಮೆಲೇ ದೇವರ ಕಡೆ ತಿರುಗಿದಾಗ, ಅಲ್ಲಿಯ ಪಾಲಕ ಜೋನಾಥನ್ ಎಡ್ವರ್ಡ್ಸ್ ಅದನ್ನು ದೇವರ ಅಚ್ಚರಿಯ ಕೆಲಸ ಅಂದ. ಅಂದರೆ ಅವನೇ ನಿರೀಕ್ಷಿಸಿರಲಿಲ್ಲ. ಸರಿಯಾಗಿ ನೂರು ವರ್ಷದ ಮೇಲೆ, 1835ರಲ್ಲಿ ಚಾರ್ಲ್ಸ್ ಫಿನ್ನಿ ಅನ್ನುವ ಬೋಧಕ ತನ್ನ ಉಪನ್ಯಾಸಗಳನ್ನು ಅಚ್ಚು ಮಾಡಿಸಿದ. ಉಜ್ಜೀವನ ಪವಾಡವಲ್ಲ, ದೇವರು ಕೊಟ್ಟ ಸಾಧನಗಳನ್ನು ಸರಿಯಾಗಿ ಬಳಸಿದರೆ ಬರುವ ಫಲ, ರೈತ ಬಿತ್ತಿದ ಹಾಗೆ, ಅಂದ. ಫಿನ್ನಿ ಮೊದಲು ವಕೀಲ, ವಾದ ಬಿಗಿಯಾಗಿಯೇ ಇತ್ತು. ನಿಮ್ಮ ಬ್ಯಾನರ್ ಫಿನ್ನಿಯ ಮೊಮ್ಮಗು. ನಿಮ್ಮ ತಕರಾರು ಎಡ್ವರ್ಡ್ಸನದು.

ನಾನು ಯಾವ ಕಡೆ ಅಂತ ಕೇಳಿದರೆ, ಬಿತ್ತುವವರ ಜೊತೆ ಇದ್ದು ಎಡ್ವರ್ಡ್ಸನ ಹಾಗೆ ಬೆರಗಾದವನು. ಸಭಾಪಾಲನೆಯ ಅಷ್ಟು ವರ್ಷದಲ್ಲಿ ನಾನು ಕಂಡ ನಿಜವಾದ ಉಜ್ಜೀವನ ಬ್ಯಾನರ್ ಕಟ್ಟಿದ ದಿನ ಬರಲಿಲ್ಲ. ಒಂದು ಮಂಗಳವಾರದ ಪ್ರಾರ್ಥನೆಗೆ ಏಳು ಜನ ಬಂದಿದ್ದೆವು. ಒಂಬತ್ತು ವರ್ಷ ಮಾತು ಬಿಟ್ಟಿದ್ದ ಅಣ್ಣತಮ್ಮ ಇಬ್ಬರೂ ಅದರಲ್ಲಿದ್ದರು. ತಮ್ಮ ಎದ್ದು ಅಣ್ಣನ ಪಕ್ಕ ಹೋಗಿ ಕೂತ. ಯಾರೂ ಏನೂ ಹೇಳಲಿಲ್ಲ. ಆಮೇಲೆ ಆರು ತಿಂಗಳು ಆ ಸಭೆಯಲ್ಲಿ ನಡೆದದ್ದನ್ನು ಬರೆದರೆ ಉದ್ದವಾಗುತ್ತದೆ.

ಯೆಹೆಜ್ಕೇಲ 37 ನೋಡಿ. ಪ್ರವಾದಿ ಕಂಡ ದರ್ಶನದಲ್ಲಿ ಒಣಗಿದ ಎಲುಬುಗಳು ಮೊದಲು ಸದ್ದು ಮಾಡುತ್ತಾ ಒಂದಕ್ಕೊಂದು ಕೂಡಿಕೊಂಡವು. ನರ ಬಂತು, ಮಾಂಸ ಬಂತು, ಚರ್ಮ ಮುಚ್ಚಿತು. ಎಲ್ಲ ಸರಿಯಾಗಿದೆ, ಆದರೆ ಉಸಿರಿಲ್ಲ. ಆ ಸ್ಥಿತಿಯಲ್ಲಿರುವ ಸಭೆಗಳು ಎಷ್ಟೋ ಇವೆ. ಮೈಕ್ ಇದೆ, ಕುರ್ಚಿ ಇದೆ, ಲೆಕ್ಕಪತ್ರ ಚೊಕ್ಕ. ಆಮೇಲೆ 'ರೂಅಹ್' ಬಂತು. ಅದೊಂದೇ ಪದಕ್ಕೆ ಗಾಳಿ, ಉಸಿರು, ಆತ್ಮ ಮೂರೂ ಅರ್ಥ. ಭಾಷಾಂತರ ಮಾಡುವವರಿಗೆ ಅಲ್ಲಿ ಮಾತ್ರ ನನ್ನ ಅನುಕಂಪ ಇದೆ.

ಸಂಜೆ ಗಂಟೆ:

ನಾನು ಕಥೋಲಿಕಳು, ಮೂಗು ತೂರಿಸಬಹುದಾ? 'ಬಾರ್ನ್ ಅಗೇನ್' ಬಗ್ಗೆ ಯಾರೂ ಹೇಳಲಿಲ್ಲ ಅಂತ ಬಂದೆ.

ಯೋಹಾನ 3ರಲ್ಲಿರುವ ಪದ 'ಅನೋಥೆನ್'. ಅದಕ್ಕೂ ಎರಡು ಅರ್ಥ, ಮತ್ತೆ ಮತ್ತು ಮೇಲಿನಿಂದ. ಯೇಸುವಿನ ಹತ್ತಿರ ಬಂದ ನಿಕೊದೇಮ ಮೊದಲನೆಯದನ್ನು ಹಿಡಿದುಕೊಂಡ. ಮುದುಕ ತಾಯಿಯ ಹೊಟ್ಟೆಗೆ ಮತ್ತೆ ಹೋಗುತ್ತಾನಾ ಅಂತ ಕೇಳಿದ. ಯೇಸು ಹೇಳುತ್ತಿದ್ದದ್ದು ಮೇಲಿನಿಂದ ಹುಟ್ಟುವುದು. ಅಂದರೆ ಸಿಸ್ಟರ್, 'ನೀವೂ ಪುನರ್ಜನ್ಮ ನಂಬ್ತೀರಾ' ಅಂತ ಕೇಳಿದವರು ನಿಕೊದೇಮನ ಸಾಲಿನಲ್ಲಿ ನಿಂತವರು, ಬೇಜಾರು ಮಾಡಿಕೊಳ್ಳಬೇಡಿ. 'ಹೊಸದಾಗಿ ಹುಟ್ಟುವುದು' ಅನ್ನಿ, ಅಥವಾ 'ದೇವರಿಂದ ಹುಟ್ಟುವುದು'. ಪುನರ್ಜನ್ಮ ಅನ್ನುವ ಪದಕ್ಕೆ ಆಗಲೇ ಬೇರೆ ಮನೆ ಇದೆ.

ತೀತ 3:5ರಲ್ಲಿ 'ಪಾಲಿಂಗೆನೆಸಿಯಾ' ಅಂತ ಇನ್ನೊಂದು ಪದ ಇದೆ, ಹೊಸ ಹುಟ್ಟು. ಹೊಸ ಒಡಂಬಡಿಕೆಯಲ್ಲಿ ಎರಡೇ ಸಲ ಬರುತ್ತದೆ. ತೀತನಲ್ಲಿ ಒಬ್ಬ ಮನುಷ್ಯನ ಹೊಸ ಹುಟ್ಟು, ತೊಳೆಯುವ ನೀರಿನ ಜೊತೆ. ಅದಕ್ಕೇ ನಾವು ಇದನ್ನು ಜ್ಞಾನಸ್ನಾನಕ್ಕೆ ಜೋಡಿಸುತ್ತೇವೆ. ಮತ್ತಾಯ 19:28ರಲ್ಲಿ ಇಡೀ ಲೋಕವೇ ಹೊಸದಾಗುವುದು. ನನ್ನೊಬ್ಬಳ ಎದೆ ಬೆಚ್ಚಗಾಗಿ ಮುಗಿಯುವ ಕಥೆಯಲ್ಲ ಇದು, ಅಲ್ವಾ?

ಇನ್ನು, ಕಳೆದುಹೋದ ಕುರಿ, ಕಳೆದುಹೋದ ನಾಣ್ಯ. ಲೂಕ 15. ಎರಡು ಕಥೆಯ ಕೊನೆಗೂ ಯೇಸು ಮಾನಸಾಂತರದ ಮಾತು ಆಡುತ್ತಾನೆ. ಆದರೆ ಕುರಿ ಏನು ಮಾಡಿತು? ಕಳೆದುಹೋಯಿತು, ಅಷ್ಟೇ. ನಾಣ್ಯವಂತೂ ಅದನ್ನೂ ಮಾಡಲಿಲ್ಲ, ಬಿದ್ದಲ್ಲೇ ಬಿದ್ದಿತ್ತು. ಹುಡುಕಿದವರು ಬೇರೆ. ನಂತರ ಬರುವ, ಮನೆ ಬಿಟ್ಟು ಹೋದ ಕಿರಿಮಗನ ಕಥೆಯಲ್ಲಿ ಮಾನಸಾಂತರ ಅನ್ನುವ ಪದವೇ ಇಲ್ಲ. ಆದರೆ ಅವನು ಎದ್ದು ಅಪ್ಪನ ಮನೆಗೆ ನಡೆದ. ನನ್ನ ಅಮ್ಮ ಹಾಸಿಗೆ ಹಿಡಿದಿದ್ದ ಕೊನೆಯ ವರ್ಷ, ಪಾಪನಿವೇದನೆಗೆ ಹೋಗಲು ಆಗಲ್ಲವಲ್ಲ ಅಂತ ಕೊರಗುತ್ತಿದ್ದಳು. ಗುರುಗಳು ಮನೆಗೇ ಬಂದರು. ಬಂದವರು ಮೊದಲು ಹೇಳಿದ್ದು, 'ಅಮ್ಮಾ, ನೀವು ಈಗ ನಾಣ್ಯ' ಅಂತ. ಅಮ್ಮ ನಕ್ಕಳು. ಬಹಳ ದಿನದ ಮೇಲೆ.

ಅರ್ಧ ಗ್ರೀಕ್:

ಇದನ್ನು ನಾನು ಕದಿಯುತ್ತೇನೆ, ಕ್ಷಮಿಸಿ.

ಎದೆ ಬೆಚ್ಚಗಾಗುವುದರ ಬಗ್ಗೆ ಸ್ವಲ್ಪ ಕರುಣೆ ಇರಲಿ ಸಿಸ್ಟರ್. ಮೆಥಡಿಸ್ಟ್ ಚಳವಳಿ ಶುರುಮಾಡಿದ ಜಾನ್ ವೆಸ್ಲಿ 1738ರ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟಕ್ಕೆ ಮನಸ್ಸಿಲ್ಲದೆ ಹೋಗಿದ್ದ. ಆಗಲೇ ದೀಕ್ಷೆ ಪಡೆದ ಪಾದ್ರಿ, ಸಮುದ್ರ ದಾಟಿ ಮಿಷನರಿ ಕೆಲಸ ಮಾಡಿ ಸೋತು ಬಂದವನು. ರೋಮಾಪುರದ ಪತ್ರಿಕೆಗೆ ಲೂಥರ್ ಬರೆದ ಮುನ್ನುಡಿ ಓದುತ್ತಿದ್ದರು. ಎದೆ ವಿಚಿತ್ರವಾಗಿ ಬೆಚ್ಚಗಾಯಿತು ಅಂತ ದಿನಚರಿಯಲ್ಲಿ ಬರೆದ. ಪಶ್ಚಾತ್ತಾಪದ ತಾಪ ಅಲ್ಲ, ಬೆಚ್ಚಗೆ. ಆಮೇಲೆ ಐವತ್ತು ವರ್ಷ, ಹೆಚ್ಚಾಗಿ ಕುದುರೆ ಮೇಲೆ, ಊರೂರು ಸುತ್ತಿದ.

ಎರಡನೇ ಮೈಕ್:

ಎಲ್ಲರಿಗೂ ಧನ್ಯವಾದ. ನಡೆದದ್ದನ್ನು ಹೇಳಬೇಕಲ್ಲ.

ಶನಿವಾರ ಆ ಹುಡುಗಿಗೆ ಫೋನ್ ಮಾಡಿದೆ. ಉಜ್ಜೀವನ ಅಂದರೆ ಇದ್ದ ಜೀವ ತಿರುಗಿ ಬರುವುದು, ಅದಕ್ಕೆ ಮೊದಲು ಜೀವ ಇರಬೇಕು, ಹಾಗಾಗಿ ಇದು ಆಗಲೇ ದೇವರ ಮಕ್ಕಳಾಗಿ ಸೊರಗಿದವರ ಪದ ಅಂದೆ. ಹೊಸದಾಗಿ ಹುಟ್ಟುವುದು ಮೊದಲ ಉಸಿರು, ಉಜ್ಜೀವನ ನಿಂತುಹೋಗುತ್ತಿದ್ದ ಉಸಿರು ಮರಳುವುದು. ಕೇಳಿದಳು. ಆಮೇಲೆ, 'ಅಕ್ಕಾ, ತಿರುಗಿ ಅಂದ್ರೆ ಮತ್ತೆ ಅಂತಾನಾ, ಈ ಕಡೆ ತಿರುಗಿ ಅಂತಾನಾ?' ಅಂದಳು. ನಾನು ಇನ್ನೂ 85ನೇ ಕೀರ್ತನೆಯ ಹೆಸರೇ ಎತ್ತಿರಲಿಲ್ಲ! 'ಎರಡೂ' ಅಂದೆ. 'ಓ' ಅಂದಳು, ಟ್ಯೂಷನ್ ಇದೆ ಅಂತ ಫೋನ್ ಇಟ್ಟಳು.

ಭಾನುವಾರ ಬೇರೆ ಬೋಧಕರು. ಹತ್ತನೇ ನಿಮಿಷಕ್ಕೆ 'ರಿಪೆಂಟ್' ಬಂತು. ನಾನು 'ತಿರುಗಿ ಬನ್ನಿ' ಅಂದೆ. ಅವರು ಮುಂದಿನ ವಾಕ್ಯಕ್ಕೆ ಬಾಯಿ ತೆರೆದವರು ನಿಂತು ನನ್ನ ಕಡೆ ನೋಡಿದರು. ಇಷ್ಟು ಬೇಗ ಮುಗಿಯಿತಾ ಅನ್ನುವ ಹಾಗೆ. ನಾನು ತಲೆ ಆಡಿಸಿದೆ. ಹಿಂದಿನ ಸಾಲಿನ ನಮ್ಮ ಅಜ್ಜಿ ಈ ಸಲ ಆಮೆನ್ ಅನ್ನಲಿಲ್ಲ, ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. ಯಾಕೆಂದು ನಾನು ಕೇಳಲಿಲ್ಲ.

ಬರುವ ತಿಂಗಳು 'ಸ್ಯಾಂಕ್ಟಿಫಿಕೇಶನ್' ಮೇಲೆ ನಾಲ್ಕು ಸಂಜೆ ಇದೆಯಂತೆ. ಬೇರೆ ಥ್ರೆಡ್ ತೆರೆಯುತ್ತೇನೆ, ಅಯ್ಯನವರೇ ಎಲ್ಲಿಗೂ ಹೋಗಬೇಡಿ.